ಆಟದ ಬೆಲೆಗೆ ಬೈಲಪ್ಪನ ಚೌಕಾಸಿ

ಕೇಳಿದಷ್ಟು ಕೊಟ್ಟು ಬಂದವನೆಂಬ ಅಪಕೀರ್ತಿ ಮಧುಗಿರಿಯ ಬೈಲಪ್ಪನಿಗೆ ಐವತ್ತು ದಾಟಿದರೂ ಅಂಟಿರಲಿಲ್ಲ. ಬಸ್ ನಿಲ್ದಾಣದ ಹಿಂದೆ ಅವನದೊಂದು ಮೊಬೈಲ್ ಅಂಗಡಿ. ಅದಕ್ಕೂ ಮುಂಚೆ, ತೊಂಬತ್ತರ ದಶಕದಲ್ಲಿ, ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮ್ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಶಿರಾ, ಕೊರಟಗೆರೆ, ಪಾವಗಡದ ಸಂತೆಗಳನ್ನೆಲ್ಲ ಸುತ್ತಿದವನು. ಮಾರುವಾಗ ನೂರೈವತ್ತು ಹೇಳಿ ಅರವತ್ತಕ್ಕೆ ಕೊಡುವುದು, ಕೊಳ್ಳುವಾಗ ಅರ್ಧಕ್ಕೆ ಕೇಳಿ ಬೆನ್ನು ತಿರುಗಿಸಿ ನಡೆಯುವುದು, ಇವೆರಡೇ ಅವನ ವಿದ್ಯೆ. ‘ಫಿಕ್ಸೆಡ್ ರೇಟ್’ ಎಂಬ ಬೋರ್ಡು ಅಂಗಡಿಯವನ ಪುಕ್ಕಲುತನ ಎಂದೇ ಅವನು ತಿಳಿದಿದ್ದ.

ಅಂಥವನ ಮುಂದೆ ಮಗಳು ಮಂಜುಶ್ರೀ ಲ್ಯಾಪ್‌ಟಾಪ್ ತಂದಿಟ್ಟಳು. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್ ಬಂದರೆ ಕೇಳಿದ ಆಟ ಕೊಡಿಸುತ್ತೇನೆಂದು ಅವನೇ ಮಾತು ಕೊಟ್ಟಿದ್ದ. ಆನ್‌ಲೈನ್ ಅಂಗಡಿಯಲ್ಲಿ ಅವಳು ಕೇಳಿದ ಆಟದ ಕೆಳಗೆ 3,999 ರೂಪಾಯಿ ಎಂದಿತ್ತು.

“ನಾಕ್ ಸಾವ್ರನಾ! ಶಿರಾ ಬಸ್ಟ್ಯಾಂಡ್ ತಾವ ಆಟದ್ ಪೆಟ್ಗೆಗೆ ಒಂದ್ರುಪಾಯ್ ಹಾಕುದ್ರೆ ಮೂರ್ ಜೀವ ಕೊಡೋರು ಕಣಮ್ಮ. ಆಮೇಲೆ ಸೀಡಿ ಬಂತು, ಮೂವತ್ರುಪಾಯ್ಗೆ ಹತ್ತಾಟ. ಆಮೇಲೆ ಮೊಬೈಲ್ನಾಗೆ ಬಿಟ್ಟಿ. ಇಳ್ಕಂಡ್ ಬಂದಿದ್ದು ಈಗ್ಯಾಕಿಂಗೆ ಏರ್ತು?”

“ಏರಿಲ್ಲ ಅಪ್ಪ, ಇಳಿದೈತೆ. ಅಸಲಿ ಕ್ಯಾಸೆಟ್ ಬೆಂಗ್ಳೂರಲ್ಲಿ ಆಗ್ಲೇ ಸಾವ್ರದ ಮೇಲಿತ್ತು ಅಂತ ನೀನೇ ಹೇಳ್ತಿದ್ದೆ. ಆಗ ಸಾವ್ರ ಅಂದ್ರೆ ನಮ್ಮನೆಗೆ ಎಷ್ಟು ತಿಂಗ್ಳು ಬಾಡಿಗೆ?”

“ನಾಕ್ ತಿಂಗ್ಳು.”

“ಈಗಿನ ನಾಕ್ ಸಾವ್ರಕ್ಕೆ ಒಂದ್ ತಿಂಗ್ಳದೂ ಆಗಲ್ಲ.”

ಲೆಕ್ಕವೇನೋ ಸರಿಯಾಗಿತ್ತು. ಆದರೆ ಬೈಲಪ್ಪ ಆಗಲೂ ಅಸಲಿ ಮುಟ್ಟಿದವನಲ್ಲ, ಮಾರಿದ್ದೆಲ್ಲ ನಕಲಿ. “ಅರ್ಧಕ್ಕಿಂತ ಒಂದ್ ಪೈಸ ಜಾಸ್ತಿ ಕೊಡಾಕಿಲ್ಲ” ಅಂದ.

ಅಡುಗೆಮನೆಯಿಂದ ಹೆಂಡತಿ ಪಟಾಲಮ್ಮ ಕೈ ಒರೆಸಿಕೊಳ್ಳುತ್ತ ಬಂದಳು. “ಅಲ್ಲಿ ಮನ್ಸನೇ ಇಲ್ಲ, ಯಾರ್ ತಾವ ಚೌಕಾಸಿ ಮಾಡ್ತೀಯ? ಇಡೀ ಆಟ ಅರ್ಧಕ್ಕೆ ತಂದ್ರೆ ನೀನ್ ಗೆದ್ದೆ. ಇಲ್ದಿದ್ರೆ ನಾಳೆಯಿಂದ ಅಂಗ್ಡಿ ಗಲ್ಲಾದ ಮುಂದೆ ನಾನ್ ಕೂರ್ತೀನಿ.”

“ಆಯ್ತು ಬುಡು” ಅಂದುಬಿಟ್ಟ. ಅಂದಮೇಲೆ ಉಡಿದಾರಕ್ಕೆ ಕಟ್ಟಿದ್ದ ಗಲ್ಲಾದ ಬೀಗದಕೈ ಮುಟ್ಟಿ ನೋಡಿಕೊಂಡ. ಗಲ್ಲಾದ ಮುಂದಿನ ಆ ಕುರ್ಚಿ ಹೋದರೆ ತಾನು ಯಾರೆಂದು ಅವನಿಗೇ ಗೊತ್ತಿರಲಿಲ್ಲ.

ಪಟಾಲಮ್ಮನೂ ಸಾಮಾನ್ಯದವಳಲ್ಲ. ಮದಲೂರಿನ ಹುಡುಗಿಯಾಗಿದ್ದಾಗ, ತಮ್ಮನಿಗೆಂದು ಶಿರಾ ಸಂತೆಯಲ್ಲಿ ಇವನ ಕ್ಯಾಸೆಟ್ಟಿಗೆ ನಲವತ್ತು ಕೇಳಿ ಬೆನ್ನು ತಿರುಗಿಸಿ ಹೊರಟಿದ್ದಳು. ಅಪ್ಪಿತಪ್ಪಿಯೂ ಹಿಂದೆ ನೋಡಲಿಲ್ಲ. ವೀಳ್ಯದೆಲೆ ಸಾಲಿನವರೆಗೆ ಓಡಿಹೋಗಿ, ಕರೆದು, ನಲವತ್ತಕ್ಕೇ ಕೊಟ್ಟವನು ಇವನು. ಕ್ಯಾಸೆಟ್ಟಿನ ಮೇಲೆ ‘9999 ಆಟಗಳು’ ಎಂದಿತ್ತು, ಒಳಗಿದ್ದದ್ದು ಏಳು. ಮುಂದಿನ ಸಂತೆಗೆ ಜಗಳಕ್ಕೆ ಬಂದವಳಿಗೆ, “ಸರ್ಯಾಗ್ ಎಣ್ಸಮ್ಮ, ಮಿಕ್ಕವು ಹಿಂದ್ಗಡೆ ಇರ್ತವೆ” ಎಂದಿದ್ದ. ಆ ಜಗಳ ಸಂತೆಯಿಂದ ಸಂತೆಗೆ ಬೆಳೆದು ಮದುವೆಯಲ್ಲಿ ಮುಗಿಯಿತು. ಮುಗಿಯಿತೆಂದು ಬೈಲಪ್ಪ ಅಂದುಕೊಂಡಿದ್ದ, ಅಷ್ಟೆ.

“ಆಟನ ಬುಟ್ಟಿಗಾಕು” ಎಂದು ಮಗಳಿಗೆ ಹೇಳಿದ. ಅವಳು ಪರದೆಯ ಮೇಲಿನ ಬುಟ್ಟಿಯ ಗುರುತು ಒತ್ತಿ ಹಾಕಿದಳು. “ಈಗ ಮುಚ್ಚು. ತಿರುಗಿ ನೋಡ್ಬ್ಯಾಡ. ಅವ್ನೇ ಕರೀತಾನೆ.”

“ಯಾರು ಕರೀತಾರಪ್ಪ, ಕಂಪ್ಯೂಟರಾ?”

“ಮಾರಾಕೆ ಕುಂತೋನು ಯಾವನಾದ್ರೂ ಕರೀಲೇಬೇಕು.”

ಮಗಳಿಗೆ ಹೇಳಿದ್ದು ಸುಲಭ, ತಾನು ಸುಮ್ಮನಿರುವುದೇ ಕಷ್ಟವಾಯಿತು. ಒಂದು ಮಧ್ಯಾಹ್ನ ಯಾರೂ ಇಲ್ಲವೆಂದು ಲ್ಯಾಪ್‌ಟಾಪಿನ ಮುಚ್ಚಳ ಎತ್ತುತ್ತಿದ್ದಾಗ ಹಿಂದಿನಿಂದ ಪಟಾಲಮ್ಮ ಕೆಮ್ಮಿದಳು. ಧೂಳು ಒರೆಸುತ್ತಿದ್ದೆ ಎಂದು ಹೇಳಿ ಪಾರಾದ.

ದೀಪಾವಳಿಗೆ, ಮಗಳ ಮೊಬೈಲಿನಲ್ಲಿ ಸಂದೇಶವಾಗಿ, ಕರೆ ಬಂತು. ‘ನಿಮ್ಮ ಬುಟ್ಟಿಯಲ್ಲಿರುವ ಆಟ ಹಬ್ಬದ ಪ್ರಯುಕ್ತ ಕೇವಲ 999ಕ್ಕೆ, ಬೇಗ ಬನ್ನಿ!’

ಬೈಲಪ್ಪ ಕುಣಿದುಬಿಟ್ಟ. ಎದುರಿನ ಟೀ ಅಂಗಡಿಯ ಕಾಡಸಿದ್ದಪ್ಪನನ್ನು ಕೈ ಹಿಡಿದು ಎಳೆತಂದು ತೋರಿಸಿದ. “ನೋಡ್ದಾ? ಅರ್ಧ ಅಲ್ಲ, ಕಾಲು! ಓಡ್ಬಂದು ಕಾಲಿಗ್ ಬಿದ್ದವ್ನೆ ನನ್ಮಗ!”

ದುಡ್ಡು ಕಟ್ಟಿ, ಮೂವರೂ ನಡುಮನೆಯಲ್ಲಿ ಕೂತರು. ಆಟ ತೆರೆದುಕೊಂಡಿತು. ಬೆಟ್ಟ, ಕೋಟೆ, ನದಿ, ನೋಡಲು ಬಲು ಸೊಗಸು. ನದಿಯ ದಡದಲ್ಲಿ ಬೀಗ. ಸೇತುವೆ ದಾಟಿ ಆಚೆ ಊರಿಗೆ ಹೋಗಬೇಕಾದರೆ 1,499. ಬಯಲಿನಲ್ಲಿದ್ದ ಕುದುರೆ ಹತ್ತಬೇಕಾದರೆ 399. ಕೋಟೆಯ ಒಳಗಿನ ಕಥೆ 1,299. ಮಂಜುಶ್ರೀಯ ಮುಖ ಬಾಡಿತು. ಬೈಲಪ್ಪ ಬೆರಳು ಮಡಚಿ ಮಡಚಿ ಕೂಡಿಸಿದ. ನಾಲ್ಕು ಸಾವಿರ ದಾಟಿತು.

ಪಟಾಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಸರ್ಯಾಗ್ ಎಣ್ಸಪ್ಪ. ಮಿಕ್ಕವು ಹಿಂದ್ಗಡೆ ಇರ್ತವೆ.”

ಬೈಲಪ್ಪನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಮೆಚ್ಚುಗೆ. “ಯಾವನೋ ನಮ್ ಸಂತೆಯವ್ನೇ ಕಣೆ! ಏಳಾಟನ ಹತ್ತ್ ಸಾವ್ರ ಆಟ ಅಂತ ಮಾರ್ದೋನು ನಾನು. ಇವ್ನು ಒಂದಾಟನೇ ತುಂಡ್ ತುಂಡ್ ಮಾಡಿ ಮಾರ್ತಾವ್ನೆ!”

“ನಾನೇನ್ ಬ್ಯಾರೆನಾ? ಚೌಕಾಸಿ ಮಾಡಿ ಗೆದ್ದೆ ಅಂತ ಕಟ್ಕಂಡೆ” ಅಂದಳು ಪಟಾಲಮ್ಮ. “ನಿನ್ನ ಮಿಕ್ಕಿದ್ದಕ್ಕೆಲ್ಲ ಇವತ್ತಿನ್ಗಂಟ ಬ್ಯಾರೆ ಬ್ಯಾರೆ ಕಟ್ತಾ ಇವ್ನಿ. ಎಲ್ಲಿ ಗಲ್ಲಾ ಬೀಗದಕೈ?”

ಇಡೀ ಆಟ ಎಂಬ ಮಾತಿತ್ತು, ಜಗ್ಗಾಡಲು ಜಾಗವಿರಲಿಲ್ಲ. ಉಡಿದಾರದಿಂದ ಬೀಗದಕೈ ಬಿಚ್ಚಿ ಕೊಟ್ಟ.

ಮರುದಿನ ಪಟಾಲಮ್ಮ ಗಲ್ಲಾದ ಮುಂದೆ ಕೂತಳು. ಬೈಲಪ್ಪ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಮಾತು ತೆಗೆದ.

“ಆ ಕುದ್ರೆಗೆ ಮುನ್ನೂರ್ ತೊಂಬತ್ತೊಂಬತ್ತು ಬೇಕಿತ್ತು. ಮಗಾ ನಡ್ಕಂಡೇ ಓಡಾಡ್ತಾವ್ಳೆ.”

“ಇನ್ನೂರು ಕೊಡ್ತೀನಿ.”

“ಇನ್ನೂರಕ್ಕೆ ಯಾವನ್ ಕುದ್ರೆ ಕೊಡ್ತಾನೆ? ಬ್ಯಾಡ ಬುಡು” ಎಂದು ಬೈಲಪ್ಪ ಎದ್ದು, ಬೆನ್ನು ತಿರುಗಿಸಿ, ಗತ್ತಿನಿಂದ ಬೀದಿಗಿಳಿದ. ಟೀ ಅಂಗಡಿ ದಾಟಿದ. ಬಸ್ ನಿಲ್ದಾಣದ ತಿರುವಿಗೆ ಬಂದ. ಕಿವಿ ಪೂರ್ತಿ ಹಿಂದಕ್ಕೇ ಇತ್ತು, ಯಾರೂ ಕರೆಯಲಿಲ್ಲ.

ತಿರುಗಿ ನೋಡಿಬಿಟ್ಟ.