ಮಬ್ಬಾದ ಸೀಸೆ

ಸೋಮವಾರ ಬೆಳಿಗ್ಗೆ ಲ್ಯಾಬಿನ ಶಾಖದ ಪೆಟ್ಟಿಗೆ ತೆರೆದವಳೇ ಅವಳು ಗಂಡನ ಕಡೆ ತಿರುಗಿದಳು. "ನಿನ್ನೆ ಏನ್ರೀ ಮಾಡಿದ್ರಿ?"

ಸಾಲಿನಲ್ಲಿ ಒಂದು ಸೀಸೆ ಮಬ್ಬಾಗಿತ್ತು. ಉಳಿದವು ಎಂದಿನಂತೆ ತಿಳಿ. ಒಳಗಿನ ಬ್ಯಾಕ್ಟೀರಿಯಾಗಳಿಗೆ ಹಾಕುವ ಸಕ್ಕರೆಯೇ ಚೂರು. ಅದನ್ನು ಮುಗಿಸಿ ಅವು ಹಸಿದು ಕೂತಿರುತ್ತವೆ, ನೀರು ಮಬ್ಬಾಗುವಷ್ಟು ಬೆಳೆಯುವುದಿಲ್ಲ. ಮರುದಿನ ನಾಲ್ಕು ಹನಿ ತೆಗೆದು ಹೊಸ ಸೀಸೆಗೆ ಹಾಕಬೇಕು. ರಜೆ ಇಲ್ಲ, ಜ್ವರ ಇಲ್ಲ, ವರ್ಷಗಟ್ಟಲೆ ಇದೇ ಕೆಲಸ. ಸಾವಿರಾರು ತಲೆಮಾರು ದಾಟಿದ ಮೇಲೆ ಅವುಗಳ ವಂಶವಾಹಿಗಳು ಹೇಗೆ ಬದಲಾಗುತ್ತವೆ ಎಂದು ನೋಡುವುದು ಹಿರಿಯ ಮೇಡಂ ಹಿಡಿದ ಹಟ. ಅದೇ ನೀರಿನಲ್ಲಿ ನಿಂಬೆಹುಳಿಯ ಉಪ್ಪೂ ಧಾರಾಳವಾಗಿತ್ತು. ಗಾಳಿಯಾಡುವಲ್ಲಿ ಇವು ಅದನ್ನು ಮೂಸಿಯೂ ನೋಡುವುದಿಲ್ಲ. ಒಂದು ವಂಶವಾದರೂ ಅದನ್ನು ತಿನ್ನಲು ಕಲಿತೀತು ಎಂದು ಮೇಡಂ ಕಾಯುತ್ತಲೇ ಇದ್ದರು. ಬರುವ ತಿಂಗಳು ಅವರಿಗೆ ನಿವೃತ್ತಿ. ಆಮೇಲೆ ಇಡೀ ಸಾಲು ಇವಳ ಕೈಗೆ.

ಇವಳಿಗೆ ತಲೆ ಕೆಟ್ಟಿದ್ದೂ ಅದಕ್ಕೇ. ತಂಗಿಯ ಮಗು ನೋಡಲೆಂದು ತಾನು ಒಂದು ಭಾನುವಾರ ರಜೆ ಹಾಕಿದರೆ, ಅದೇ ಲ್ಯಾಬಿನಲ್ಲಿ ದುಡಿಯುವ ಗಂಡ ಹೊರಗಿನ ಕ್ರಿಮಿಯನ್ನು ಒಳಗೆ ಬಿಟ್ಟು ಕೂತಿದ್ದಾನಲ್ಲ!

"ಹಾಡು ಗುನುಗ್ತಾ ಮಾಡಿರ್ತೀರಿ. ಬಾಯಿ ಮುಚ್ಕೊಂಡು ಕೆಲಸ ಮಾಡಿ ಗೊತ್ತಾ ನಿಮಗೆ?"

"ಮಾಸ್ಕ್ ಹಾಕ್ಕೊಂಡೇ ಗುನುಗಿದ್ದು ಕಣೇ. ಒಂದು ದಿನ ಇಟ್ಟು ನೋಡೋಣ."

"ಏನು ನೋಡೋದು, ನಿಮ್ಮ ತಲೆ."

ಹೊರಗಿನದು ಹೊಕ್ಕ ಸೀಸೆಯನ್ನು ಚೆಲ್ಲಿ, ಫ್ರೀಜರಿನ ಹಳೆಯ ಮಾದರಿಯಿಂದ ವಂಶವನ್ನು ಮತ್ತೆ ಶುರು ಮಾಡುವುದು ಅಲ್ಲಿನ ನಿಯಮ. ಮೇಡಂ ಊರಲ್ಲಿರಲಿಲ್ಲ. ಅವರು ಬರುವವರೆಗೆ ತಾಳುವ ಜಾಯಮಾನ ಇವಳದಲ್ಲ. ಮಬ್ಬಾದ ಸೀಸೆಗೂ, ಆಪತ್ತಿಗಿರಲಿ ಎಂದು ಫ್ರಿಜ್ಜಿನಲ್ಲಿಟ್ಟಿದ್ದ ಹಿಂದಿನ ದಿನದ ಸೀಸೆಗೂ ಬ್ಲೀಚ್ ಸುರಿದಳು. ಅಷ್ಟರೊಳಗೆ ಗಂಡ ಮಬ್ಬಾದ ಸೀಸೆಯಿಂದ ಒಂದು ಹನಿ ತೆಗೆದು ಕ್ರಿಮಿ ಬೆಳೆಸುವ ತಟ್ಟೆಯೊಂದರಲ್ಲಿ ಸವರಿಕೊಂಡಿದ್ದ.

ಆಮೇಲೆ ಅವನು ಗುನುಗುವುದನ್ನು ಬಿಟ್ಟ. ಇವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ತೊಳೆದ ಗಾಜನ್ನೇ ತೊಳೆದಳು. ಊಟಕ್ಕೆ ಕೂತರೂ ಅವನ ಮುಖವನ್ನೇ ಕದ್ದು ನೋಡುವಳು. ಬೈದರೆ ತಿರುಗಿ ಬೈಯಬಾರದೇ ಈ ಮನುಷ್ಯ?

ಶುಕ್ರವಾರ ಅವನು ಅವಳನ್ನು ಕಂಪ್ಯೂಟರ್ ಮುಂದೆ ಕೂರಿಸಿದ. ತಟ್ಟೆಯಲ್ಲಿ ಬೆಳೆದದ್ದರ ಡಿಎನ್ಎ ಓದಿಸಿದ್ದ. ಆ ವಂಶದಲ್ಲಿ ವರ್ಷಗಳಿಂದ ಕೂಡುತ್ತ ಬಂದ ಬದಲಾವಣೆಗಳೆಲ್ಲ ಅಲ್ಲಿದ್ದವು. ಹೊರಗಿನದಲ್ಲ, ಮನೆಯದೇ. ಜೊತೆಗೊಂದು ಹೊಸದು: ಒಂದು ತುಣುಕು ಎರಡು ಸಲ ನಕಲಾಗಿ, ಗಾಳಿಯಾಡುವಲ್ಲಿ ಮುಚ್ಚಿರಬೇಕಾದ ನಿಂಬೆಹುಳಿಯ ಬಾಗಿಲು ತೆರೆದುಕೊಂಡಿತ್ತು. ಅವು ನಿಂಬೆಹುಳಿ ತಿನ್ನುತ್ತಿದ್ದವು.

ಅವಳು ಪರದೆಯಿಂದ ಅವನತ್ತ ತಿರುಗಿದಳು. "ತಟ್ಟೇಲಿ ಇನ್ನೂ ಬದುಕಿವೆ ಅಲ್ವಾ?"

"ಬದುಕಿವೆ. ಆದ್ರೆ ಒಂದು ಹನಿಯಿಂದ ಬಂದ ಇದು ಒಂದೇ ಮನೆ ಕಣೇ. ಸೀಸೇಲಿದ್ದದ್ದು ಇಡೀ ಊರು."

"ಮೊದಲೇ ಜೋರಾಗಿ ಹೇಳ್ಬಾರದಿತ್ತಾ?"

"ನೀನು ಅಷ್ಟು ಗಟ್ಟಿಯಾಗಿ ಹೇಳಿದ್ಮೇಲೆ, ನನ್ನ ಕೈಯೇ ತಪ್ಪಿರಬೇಕು ಅಂತ ನನಗೂ ಅನ್ನಿಸಿಬಿಟ್ಟಿತ್ತು."

ಅವಳಿಗೆ ಅಳು ಒತ್ತಿ ಬಂತು. ಮಧ್ಯಾಹ್ನ ಊರಿನಿಂದ ನೇರ ಲ್ಯಾಬಿಗೇ ಬಂದ ಮೇಡಂ ಇನ್ನೂ ಚೀಲ ಇಳಿಸಿರಲಿಲ್ಲ, ಇಬ್ಬರೂ ಹೋಗಿ ನಿಂತರು.

"ನಮ್ಮಿಂದ ಒಂದು ತಪ್ಪಾಯ್ತು ಮೇಡಂ," ಎಂದು ಗಂಡ ಶುರು ಮಾಡಿದ.

"ನಮ್ಮಿಂದ ಅಲ್ಲ, ನನ್ನಿಂದ. ಇವರು ಬೇಡ ಅಂದ್ರು," ಎಂದವಳು ಒಂದೂ ಮುಚ್ಚಿಡದೆ ಹೇಳಿದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಚೀಲ ಮಡಿಲಲ್ಲೇ ಇಟ್ಟುಕೊಂಡು ಕುರ್ಚಿಯಲ್ಲಿ ಕೂತರು.

"ನಾನಂತೂ ನೋಡ್ಲಿಲ್ಲ," ಎಂದರು ಕೊನೆಗೆ. "ನೀನು ನೋಡಿದ್ಯಲ್ಲ, ಹೇಳಮ್ಮ. ಹೇಗಿತ್ತು? ಅಲುಗಾಡಿಸಿದಾಗ ಹೇಗೆ ಕಾಣ್ತಿತ್ತು?"

ಅವಳಿಗೆ ಏನೂ ನೆನಪಿಗೆ ಬರಲಿಲ್ಲ.

"ನಾನು ಸರಿಯಾಗಿ ನೋಡ್ಲೇ ಇಲ್ಲ ಮೇಡಂ," ಎಂದಳು. "ಇವರನ್ನೇ ನೋಡ್ತಿದ್ದೆ."