ಕೋಟೆ ದಾರಿಯ ಕೆಂಪು ನೂಲು

ಭಾನುವಾರ ಬೆಳಗ್ಗೆ ಆರೂಕಾಲಕ್ಕೆ ಕೆರೆಯ ಏರಿ ಮೇಲೆ ಒಂದು ಕಲ್ಲು ನೋಡಿಕೊಂಡು ಕೂತು ಕೊಯಮತ್ತೂರಿನ ವ್ಯಾನಿಗೆ ಕಾಯುತ್ತಿದ್ದೆ. ಕಾಯುವುದು ಅಂದರೆ ನನಗೆ ಇಷ್ಟ. ನಿಲ್ಲಬೇಕಾಗಿಲ್ಲ, ಯಾರೂ ಕರೆಯುವುದಿಲ್ಲ. ವಾರಕ್ಕೆ ಆರು ದಿನ ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಮೇಜಿನ ಮುಂದೆ ಒಂಬತ್ತು ಗಂಟೆ ನಿಂತೇ ಇರುವವಳಿಗೆ ಕೂರಲು ಒಂದು ಕಲ್ಲು ಸಿಕ್ಕರೆ ಸಾಕಪ್ಪ, ಇನ್ನೇನೂ ಬೇಡ ಅನಿಸುತ್ತದೆ.

ಆದರೆ ಅಪ್ಪ ಕೂರಲು ಬಿಡುವ ಆಸಾಮಿಯಲ್ಲ. "ಏನ್ ಕಣ್ಣು, ಇಲ್ಲೇ ಕೂತ್ಬಿಟ್ಟೆ? ಬಿಸಿಲ್ ಏರೋಕ್ ಮುಂಚೆ ಕೋಟೆ ತನಕ ಹೋಗೋಣ, ಬಾ" ಅಂದ.

"ನೀ ಮುಂದೆ ಹೋಗಪ್ಪಾ. ವ್ಯಾನ್ ಬರ್ಲಿ, ನಾ ಅವರ ಜೊತೆ ಬರ್ತೀನಿ."

"ಒಬ್ನೇ ಹೋಗ್ಬೇಡ ಅಂತ ಆ ಕಾಡಿನ ವಾಚರ್ ಹೇಳಿದಾನೆ ತಾನೆ?"

"ಒಂದಿನ ತಾನೆ. ಹೋಗು."

ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಕಣ್ಣು ಮುಚ್ಚಿದೆ. ಪಾಪ ಅನಿಸಬೇಕಿತ್ತು, ಅನಿಸಲಿಲ್ಲ. ಅಬ್ಬ, ಅರ್ಧ ಗಂಟೆ ನನ್ನದು ಅನಿಸಿತು.

ಅಪ್ಪನ ಹೆಸರು ಮೈಲ್‌ಸಾಮಿ. ನಾವು ಉಡುಮಲೈಪೇಟೆಯ ಕಡೆ ತಲೆತಲಾಂತರದಿಂದ ಇರುವ ದೇವಾಂಗದವರು. ಬೀದಿಗೆ ಬಂದರೆ ತಮಿಳು, ಮನೆ ಒಳಗೆ ತಮಿಳು ಬೆರೆತ ನಮ್ಮದೇ ಕನ್ನಡ; ಅಪ್ಪ ನನ್ನನ್ನು ಮುದ್ದಿಗೆ ಕಣ್ಣು ಅನ್ನುವುದೂ ಹಾಗೇ. ಅಪ್ಪ ನಲವತ್ತೈದು ವರ್ಷ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ದವನು. ಮಗ್ಗ ಹೋದ ಮೇಲೆ ಆ ಕಾಲು ಹಿಡಿದುಕೊಳ್ಳತೊಡಗಿತು. ದಿನಾ ನಡೆಸಿ, ನಡೆಯುವುದು ಬಿಟ್ಟರೆ ಈ ಮನುಷ್ಯ ಆಮೇಲೆ ಏಳುವುದಿಲ್ಲ ಅಂದುಬಿಟ್ಟರು ಡಾಕ್ಟರು. ನನ್ನ ಗಂಡ ತೀರಿಕೊಂಡು ಒಂಬತ್ತು ವರ್ಷ, ಮನೆಯಲ್ಲಿ ಇರುವುದು ನಾನೂ ಅಪ್ಪನೂ ಇಬ್ಬರೇ. ಇನ್ನು ಯಾರು ನಡೆಸುತ್ತಾರೆ? ಆರು ವರ್ಷದಿಂದ ಐದು ಗಂಟೆಗೆ ಎದ್ದು ಏರಿ ದಾಟಿ, ಹುಣಸೆ ತೋಪು ದಾಟಿ, ಕಾಡಿನೊಳಗೆ ಅರ್ಧ ಮೈಲಿ ಹೋಗಿ, ಹಳೇ ಪಾಳೆಯಗಾರನ ಕೋಟೆ ಬಾಗಿಲು ಮುಟ್ಟಿ ವಾಪಸ್ಸು. ಬಂದು ಅಡಿಗೆ, ಏಳೂವರೆಗೆ ಕಂಪನಿ ಬಸ್ಸು. ಮಳೆ ಅಂದರೂ ಬಿಡುವುದಿಲ್ಲ ಅಪ್ಪ. ಜ್ವರ ಬಂದ ದಿನವೂ ಹಾಸಿಗೆ ಪಕ್ಕ ಬಂದು ಚಪ್ಪಲಿ ಮೆಟ್ಟಿ ನಿಂತುಬಿಡುತ್ತಾನೆ. ಎಷ್ಟೋ ಸಲ ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಇವನಿಗೊಂದು ದಿನ ಬೇಜಾರೇ ಆಗುವುದಿಲ್ಲವಾ ಅಂತ.

ಹೀಗೆ ನಡೆಯುವಾಗಲೇ ಸೃಷ್ಟಿ ಸಿಕ್ಕಿದ್ದು. ದಾವಣಗೆರೆಯ ಹುಡುಗಿ, ಕೊಯಮತ್ತೂರಿನಲ್ಲಿ ಇಂಜಿನಿಯರ್. ಕೋಟೆ ನೋಡಲು ಬಂದವಳು ಏರಿ ಮೇಲೆ ನಾವಿಬ್ಬರೂ ಜಗಳವಾಡುವುದು ಕೇಳಿ, "ಅಯ್ಯೋ, ನೀವು ಕನ್ನಡದವರಾ?" ಅಂತ ಬಾಯಿ ಬಿಟ್ಟು ನಿಂತಿದ್ದಳು. ಕೆರೆ, ಕಾಡು, ಕೋಟೆ, ಏರು ತಗ್ಗು ಇಲ್ಲದ ಸುಲಭದ ನಡಿಗೆ ಅಂತ ಫೋನಿನಲ್ಲಿ ಹಾಕಿದಳಂತೆ. ಈಗ ಹದಿನೈದು ದಿನಕ್ಕೊಮ್ಮೆ ಹತ್ತು ಹನ್ನೆರಡು ಜನರನ್ನು ಕರೆತರುತ್ತಾಳೆ. ದಾರಿ ತೋರಿಸುವುದು ನನ್ನ ಕೆಲಸ. ನಾನೇನೋ ಒಪ್ಪಿಕೊಂಡೆ, ಇದ್ದ ಒಂದು ಭಾನುವಾರವೂ ಹೋಯಿತು.

ಹಿಂದೆ ಬೀಳುವವರು ದಾರಿ ತಪ್ಪದಿರಲಿ ಅಂತ ಶನಿವಾರ ಸಂಜೆ ಕಂಪನಿಯ ವೇಸ್ಟ್ ನೂಲು ತಂದು, ಕೆಂಪು ನೂಲನ್ನು ಮರದಿಂದ ಮರಕ್ಕೆ ಎಳೆದು ಕಟ್ಟುತ್ತೇನೆ. ನೂಲು ಹೋದ ಕಡೆ ಹೋಗಿ, ಅಷ್ಟೇ. ಆದರೆ ಹೋದ ತಿಂಗಳ ಮಳೆಗೆ ಕೋಟೆಯ ಹಿಂದಿನ ಗೋಡೆ ಹಳೇ ಬಾವಿ ಪಕ್ಕಕ್ಕೆ ಕುಸಿದು ಬಿತ್ತು. ಕಾಡಿನ ವಾಚರ್ ಕುಮರೇಶನ್ ಬಂದು, ಬಲಗಡೆ ದಾರಿ ಬೇಡ ಅಕ್ಕಾ, ಇನ್ನು ಮೇಲೆ ಎಡಗಡೆಯಿಂದ ಕರೆದುಕೊಂಡು ಹೋಗಿ ಅಂದ. ಸರಿ ಅಂತ ಹಿಂದಿನ ದಿನ ಶನಿವಾರ, ದಾರಿ ಕವಲೊಡೆಯುವ ಹುಣಸೆ ಮರದ ಹತ್ತಿರ ಬಲಗಡೆಯ ನೂಲನ್ನು ಒಂದು ಮಾರು ಕತ್ತರಿಸಿ ತೆಗೆದು, ಎಡಕ್ಕೆ ಹೊಸದು ಎಳೆದೆ. ಬಲಗಡೆ ಉಳಿದ ಹಳೇ ನೂಲನ್ನೂ ಬಾವಿ ತನಕ ಸುತ್ತಿಕೊಂಡು ಬರಬೇಕಿತ್ತು. ಕಾಲು ಕೇಳಲಿಲ್ಲ. ಕತ್ತರಿಸಿದ್ದೇನಲ್ಲ, ಯಾರು ಹೋಗುತ್ತಾರೆ ಆ ಕಡೆ, ಆಮೇಲೆ ನೋಡಿಕೊಂಡರಾಯಿತು ಅಂತ ಮನೆಗೆ ಬಂದು ಬಿದ್ದುಕೊಂಡೆ.

ವ್ಯಾನು ಬಂತು. ಈ ಸಲ ಹನ್ನೆರಡು ಜನ. ಅವರಲ್ಲಿ ಸೃಷ್ಟಿಯ ದೊಡ್ಡಮ್ಮ ಲೀಲಮ್ಮ, ಊರಿನಿಂದ ಬಂದಿದ್ದರು, ಮಂಡಿ ನೋವಿನವರು. "ನೀವೆಲ್ಲ ನಡೀರಮ್ಮ, ನಾನು ಈ ದಾರ ನೋಡ್ಕೊಂಡು ನಿಧಾನಕ್ಕೆ ಬರ್ತೀನಿ. ನನಗೋಸ್ಕರ ಯಾರೂ ನಿಲ್ಲಬೇಡಿ" ಅಂದರು. ನಿಲ್ಲುವುದು ಯಾರಿಗೆ ಬೇಕಿತ್ತು, ನಾನು ಮುಂದೆ ನಡೆದೆ. ಕವಲಿಗೆ ಬಂದಾಗ ಸೃಷ್ಟಿ ಏನೋ ಕೇಳುತ್ತಿದ್ದಳು, ಮಾತಾಡುತ್ತಲೇ ಹೊಸ ನೂಲಿನ ಕಡೆ, ಎಡಕ್ಕೆ ತಿರುಗಿದೆ. ಬಲಗಡೆ ನೋಡಲೂ ಇಲ್ಲ.

ಕೋಟೆ ಬಾಗಿಲಲ್ಲಿ ಅಪ್ಪ ಕೂತಿದ್ದ, ಖುಷಿಯಾಗಿದ್ದ. ಬಂದವರೆಲ್ಲ ಫೋಟೋ ತೆಗೆದುಕೊಂಡರು, ತಂದಿದ್ದ ಇಡ್ಲಿ ತಿಂದರು. ಅರ್ಧ ಗಂಟೆಯಾದ ಮೇಲೆ ಸೃಷ್ಟಿ ಹಿಂದೆ ತಿರುಗಿ ನೋಡಿ, "ದೊಡ್ಡಮ್ಮ ಇನ್ನೂ ಬಂದಿಲ್ವಲ್ಲ" ಅಂದಳು. ಫೋನ್ ಮಾಡಿದಳು. ಅಲ್ಲಿ ಸಿಗ್ನಲ್ ಎಲ್ಲಿ ಬರಬೇಕು.

ನಾನು ಬಂದ ದಾರಿಯಲ್ಲೇ ವಾಪಸ್ಸು ಓಡಿದೆ. ಕವಲಿನ ಹುಣಸೆ ಮರದ ಹತ್ತಿರ ಕಾಲು ಅಲ್ಲೇ ನಿಂತಿತು. ಬಲಗಡೆಯ ಕೆಂಪು ನೂಲು ತುಂಡಾಗಿರಲಿಲ್ಲ. ನಾನು ಕತ್ತರಿಸಿ ತೆಗೆದಿದ್ದ ಒಂದು ಮಾರು ಜಾಗದಲ್ಲಿ ಬಿಳಿ ನೂಲು ಸೇರಿತ್ತು. ಎರಡು ಕೊನೆಗೂ ಗಂಟಿಲ್ಲ. ಎಂಜಲು ಹಚ್ಚಿ, ಹೆಬ್ಬೆರಳಿನಲ್ಲಿ ಹೊಸೆದು, ಎಲ್ಲಿ ಮುಗಿಯಿತು ಎಲ್ಲಿ ಶುರುವಾಯಿತು ತಿಳಿಯದ ಹಾಗೆ ಕೂಡಿಸಿತ್ತು. ಅಂಥ ಹೊಸೆತ ನಮ್ಮ ಬೀದಿಯಲ್ಲಿ ಒಬ್ಬರ ಕೈಗೇ ಬರುತ್ತದೆ.

ನಮ್ಮ ಬೀದಿಯ ಪದ್ಧತಿ ಅದು. ಮುಂಚೆ ಬೆಳಗಿನ ಹೊತ್ತು ಮಗ್ಗಕ್ಕೆ ಏರಿಸುವ ಉದ್ದ ನೂಲನ್ನು, ಅಂದರೆ ಹಾಸನ್ನು, ಬೀದಿ ಉದ್ದಕ್ಕೂ ಎಳೆದು ಗಂಜಿ ಹಾಕುತ್ತಿದ್ದರು. ನೂರಾರು ಎಳೆ. ಹಾದು ಹೋಗುವವರು ಯಾರೇ ಆಗಲಿ, ತುಂಡಾದ ಎಳೆ ಕಂಡರೆ ನಿಂತು ಕೂಡಿಸಿಯೇ ಮುಂದೆ ಹೋಗಬೇಕು. ಹಾಸು ಯಾರದು ಅಂತ ಕೇಳುವ ಹಾಗಿಲ್ಲ. ಮಾತು ಬಿಟ್ಟವರ ಮನೆಯದಾದರೂ ಸರಿ. ಅದಕ್ಕೇ ಅಪ್ಪ ಇವತ್ತಿಗೂ ಸೊಂಟದ ಮಡಿಕೆಯಲ್ಲಿ ಒಂದು ಹಿಡಿ ಬಿಳಿ ನೂಲು ಇಟ್ಟುಕೊಂಡೇ ಓಡಾಡುವುದು.

ಲೀಲಮ್ಮ ಸಿಕ್ಕಿದ್ದು ಬಾವಿ ಹತ್ತಿರ. ಕುಸಿದ ಗೋಡೆಯ ಕಲ್ಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದರು. ಪಾದ ಹೊರಳಿ ಊದಿಕೊಂಡಿತ್ತು, ಮೊಣಕೈ ತರಚಿತ್ತು. ಅವರು ಕೂತ ಜಾಗಕ್ಕೂ ಬಾವಿಯ ಬಾಯಿಗೂ ನಡುವೆ ಒಂದು ಮಂಚ ಹಿಡಿಯುವಷ್ಟೂ ಜಾಗವಿರಲಿಲ್ಲ. "ಕೂಗಿ ಕೂಗಿ ಗಂಟಲು ಹೋಯ್ತಮ್ಮ. ಈ ಕಡೆಗೂ ದಾರ ಇತ್ತಲ್ಲ, ಅದೇ ನಂಬ್ಕೊಂಡು ಬಂದೆ" ಅಂತ ನನ್ನ ಕೈ ಹಿಡಿದುಕೊಂಡು ಅತ್ತರು.

ಯಾರೋ ಏರಿಗೆ ಹೋಗಿ ಫೋನ್ ಮಾಡಿ ಕುಮರೇಶನ್‌ನನ್ನು ಕರೆಸಿದರು. ಎಲ್ಲ ಸೇರಿ ಲೀಲಮ್ಮನನ್ನು ಎತ್ತಿಕೊಂಡು ಕವಲಿನ ತನಕ ತಂದೆವು. ಅಪ್ಪ ಮಾತ್ರ ಕೋಟೆ ಬಾಗಿಲಲ್ಲೇ ಇದ್ದ, ಅವನನ್ನು ಕರೆಯುವುದು ಯಾರಿಗೂ ನೆನಪಾಗಲಿಲ್ಲ. ಕುಮರೇಶನ್ ಆ ಬಿಳಿ ನೂಲನ್ನು ಬೆರಳಿನಲ್ಲಿ ಎತ್ತಿ ನೋಡಿದ. "ಯಾವನೋ ಪೋಕಿರಿ ಕೆಲಸ. ಹೋಗಲಿ ಬಿಡಿ, ದೊಡ್ಡದೇನೂ ಆಗಲಿಲ್ಲವಲ್ಲ" ಅಂತ ತಮಿಳಿನಲ್ಲಿ ಅಂದು ಕೈ ಕೊಡವಿಕೊಂಡ.

ಅಲ್ಲಿಗೆ ಮುಗಿದಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಪೋಕಿರಿ ಅಲ್ಲ ತಂಬಿ. ನಮ್ಮಪ್ಪ" ಅಂದೆ.

ಎಲ್ಲರೂ ನನ್ನ ಮುಖ ನೋಡಿದರು. ಎಳೆ ತುಂಡಾಗಿದ್ದರೆ ನಮ್ಮವರು ಸುಮ್ಮನೆ ಹೋಗುವುದಿಲ್ಲ, ಕೂಡಿಸಿಬಿಡುತ್ತಾರೆ, ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ ಅಂತ ಹೇಳಿದೆ. ಹಳೇ ನೂಲನ್ನು ಸುತ್ತಿ ತೆಗೆಯದೆ ಬಿಟ್ಟವಳು ನಾನು, ಇವತ್ತು ಅವನನ್ನು ಒಬ್ಬನೇ ಕಳಿಸಿದವಳೂ ನಾನು ಅಂತ ಮಾತ್ರ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಕುಮರೇಶನ್ ತಲೆ ಕೆರೆದುಕೊಂಡ. "ಹಾಗಾದರೆ ಅಯ್ಯನನ್ನು ಇನ್ನು ಈ ಕಡೆ ಕರೆತರಬೇಡಿ ಅಕ್ಕಾ. ಏರಿ ದಾಟಿ ಬರಕೂಡದು. ನಾಳೆ ಅವರೇ ಆ ಬಾವಿಗೆ ಬಿದ್ದರೆ ನನ್ನ ಕೆಲಸ ಹೋಗುತ್ತೆ" ಅಂದ.

"ಪಾಪ, ವಯಸ್ಸಾದವರು, ತಿಳೀದೆ ಮಾಡಿದಾರೆ. ಬಿಟ್ಬಿಡಪ್ಪ" ಅಂದರು ಲೀಲಮ್ಮ. ಅವನಿಗೆ ಕನ್ನಡ ತಿಳಿಯಲಿಲ್ಲ. ತಮಿಳಿನಲ್ಲಿ ಹೇಳಬೇಕಾದವಳು ನಾನು, ಹೇಳಲಿಲ್ಲ.

ಸೃಷ್ಟಿ ನನ್ನ ಭುಜ ಹಿಡಿದಳು. "ಸ್ವಂತ ಅಪ್ಪನ ವಿಷಯ ಅಂತ ನೀವು ಮುಚ್ಚಿಡಬಹುದಿತ್ತು ಗೋಕಿಲಕ್ಕ. ಇಷ್ಟು ಪ್ರಾಮಾಣಿಕತೆ ಯಾರಿಗಿರುತ್ತೆ ಹೇಳಿ."

ನಾನು ತಲೆ ತಗ್ಗಿಸಿದೆ. ಅವಳು ನನಗೆ ಸಂಕೋಚ ಅಂದುಕೊಂಡಳೇನೋ. ಆ ಕ್ಷಣ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು, ನಾಳೆ ಐದು ಗಂಟೆಗೆ ಏಳಬೇಕಾಗಿಲ್ಲ. ಕುಮರೇಶನ್ ಬೇಡ ಅಂದಿದ್ದಾನೆ, ನಾನೇನು ಮಾಡಲಿ? ನನಗೆ ಬೇಕಾಗಿದ್ದದ್ದು ಅಷ್ಟೇ. ಅದಕ್ಕೇ ಬಾಯಿ ಬಿಟ್ಟೆ.

ಮನೆಗೆ ಬರುವ ದಾರಿಯಲ್ಲಿ ಅಪ್ಪ ಸುಮ್ಮನಿರಲಿಲ್ಲ. "ಆ ಹುಣಸೆ ಮರದ ತಾವ ಎಳೆ ತುಂಡಾಗಿತ್ತು ಕಣ್ಣು. ನೀ ಹೆಂಗ್ ನೋಡ್ದೆ ಬಿಟ್ಟೆ? ನಾ ಕೂಡ್ಸಿದೀನಿ" ಅಂದ. ಲೀಲಮ್ಮನಿಗೆ ಕಾಲು ಜಾರಿತು ಅಂತ ಮಾತ್ರ ಹೇಳಿದ್ದೆ. ಉಳಿದದ್ದನ್ನು ಊಟ ಆದ ಮೇಲೆ ಹೇಳೋಣ ಅಂದುಕೊಂಡೆ, ಆಮೇಲೆ ಸಂಜೆ ಅಂದುಕೊಂಡೆ. ಎಂಟು ಗಂಟೆಗೆ ಮಲಗಿಬಿಟ್ಟೆ.

ಎದ್ದಾಗ ಕಿಟಕಿಯಲ್ಲಿ ಬಿಸಿಲು. ಏಳು ಗಂಟೆಗೆ ಹತ್ತು ನಿಮಿಷ. ಆರು ವರ್ಷದಲ್ಲಿ ಅಂಥ ನಿದ್ದೆ ಬಂದಿರಲಿಲ್ಲ. ಕನಸಿಲ್ಲ, ಎಚ್ಚರವಿಲ್ಲ. ಪಾಪಪ್ರಜ್ಞೆ ಇರುವವರಿಗೆ ನಿದ್ದೆ ಹತ್ತುವುದಿಲ್ಲ ಅನ್ನುತ್ತಾರೆ, ನನಗೆ ಹತ್ತಿತು.

ಅಪ್ಪ ಜಗಲಿಯಲ್ಲಿ ಕೂತಿದ್ದ. ಚಪ್ಪಲಿ ಮೆಟ್ಟಿದ್ದ, ಟವೆಲ್ ಹೆಗಲ ಮೇಲಿತ್ತು. ಐದು ಗಂಟೆಯಿಂದ ಹಾಗೇ ಕೂತಿದ್ದನೆಂದು ಕಾಣುತ್ತದೆ. ಎದ್ದು ನಿಲ್ಲಲು ನೋಡಿದ, ಕಾಲು ಹಿಡಿದುಕೊಂಡಿತ್ತು. ಕಂಬ ಹಿಡಿದು ಮತ್ತೆ ಕೂತ.

"ಎರಡ್ ದಪ ಬಂದ್ ನೋಡ್ದೆ ಕಣ್ಣು. ನಲ್ಲ ನಿದ್ದೆ, ಒಳ್ಳೇ ನಿದ್ದೆ. ಪಾವಂ, ದಣಿದಿದ್ದೆ, ಅದಕ್ಕೇ ಎಬ್ಬಿಸ್ಲಿಲ್ಲ" ಅಂದ. "ಸೆರಿ ಬಿಡು. ನಾಳೆ ಹೋಗೋಣ, ಏನ?"

"ಹೂಂ ಅಪ್ಪಾ, ನಾಳೆ ಹೋಗೋಣ" ಅಂದೆ. ಆ ಸುಳ್ಳು ಹೇಳಲು ನನಗೆ ಕಷ್ಟವೇ ಆಗಲಿಲ್ಲ, ಅಷ್ಟು ಚೆನ್ನಾಗಿ ನಿದ್ದೆಯಾಗಿತ್ತು.