ಗಂಡು ಬಾಣಂತಿ

ಮುಗದ ಊರಿನ ಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದ ಮಹಾದೇವಪ್ಪನಿಗೆ ಸಿಟ್ಟು ಸದಾ ಮೂಗಿನ ತುದಿಯಲ್ಲೇ. ಅಂಥವನೂ ಆ ಶ್ರಾವಣದಲ್ಲಿ ಒಂದು ಹಕ್ಕಿಗೆ ಹೆದರಿ ಕೈಕಟ್ಟಿ ಕೂತ. ಮೀನುಮರಿ ಬಿಡುವ ಮೊದಲು ಬಲೆಗೆ ಅಡ್ಡ ಬರುವ ತಾವರೆ ಬಳ್ಳಿ ಎಳೆದು ಹಾಕಬೇಕು. ಬಳ್ಳಿಯ ನಡುವೆಯೇ ಒಂದು ದೇವನಕ್ಕಿ, ಕುಡುಗೋಲಿನಂತೆ ಬಾಗಿದ ಉದ್ದ ಬಾಲದ್ದು, ಎಲೆಯ ಮೇಲೆ ಕಾವಿಗೆ ಕೂತಿತ್ತು. ಹೆಂಡತಿ ಸಾವಕ್ಕ ಖಡಕ್ಕಾಗಿ ಹೇಳಿಬಿಟ್ಟಿದ್ದಳು: ಮಗಳು ಕರುಣಾ ಹಡೆದು ಮನೆಯಲ್ಲಿ ಮಲಗಿದ್ದಾಳೆ, ಇಂಥ ಹೊತ್ತಿನಲ್ಲಿ ಇನ್ನೊಬ್ಬ ಬಾಣಂತಿಯನ್ನು ಎಬ್ಬಿಸಿದರೆ ಆ ಪಾಪ ಯಾರ ತಲೆಗೆ?

ಹಾಗಾಗಿ ಆಳುಗಳು ದಂಡೆಯಲ್ಲಿ ಎಲೆ-ಅಡಿಕೆ ಜಗಿಯುತ್ತ ಕೂತರು. ಕೂಸು ನೋಡಲು ಧಾರವಾಡದಿಂದ ಬಂದ ಅಳಿಯ ರಾಜೀವ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವನು, ದುರ್ಬೀನು ಹಿಡಿದು ನೋಡಿ ನಕ್ಕ.

"ಮಾವಾರ, ಅದು ಗಂಡಸ ಐತ್ರಿ. ಹೆಣ್ಣು ತತ್ತಿ ಇಟ್ಟು ಇನ್ನೊಬ್ಬ ಗಂಡನ್ನ ಹುಡಿಕ್ಕೊಂಡು ಆಚಿ ದಂಡಿಗೆ ಹೋಗಿರತೈತಿ. ಕಾವು ಕೊಡೋದು, ಮರಿ ಸಾಕೋದು, ಎಲ್ಲಾ ಇವಂದ."

"ಗಂಡಸಾ?" ಮಹಾದೇವಪ್ಪ ಧೋತರ ಎತ್ತಿ ಕಟ್ಟಿದ. "ಮತ್ತ ಇಷ್ಟ ದಿನಾ ನಾ ಯಾಕ ಕುಂತೇನಿ? ಗಂಡಸರಿಗೆ ಎಲ್ಲೀ ಬಾಣಂತನಾ? ಹಗ್ಗಾ ತರ್ರಿ."

ರಾಜೀವ ಬೇಡವೆಂದು ಗೋಗರೆದ. ಕೇಳುವ ಕಿವಿ ಅಲ್ಲಿರಲಿಲ್ಲ. ಮಾವ ಎದೆಮಟ್ಟದ ನೀರಿಗಿಳಿದು ಬಳ್ಳಿಗೆ ಹಗ್ಗ ಬಿಗಿದ, ದಂಡೆಯಿಂದ ಆಳುಗಳು ಜಗ್ಗಿದರು. ಹಕ್ಕಿ ಕೂತ ಎಲೆ ಓರೆಯಾಗಿ ನೀರು ಕುಡಿಯತೊಡಗಿತು. ಇನ್ನೇನು ಹಾರಿತು ಎಂದುಕೊಂಡ. ಹಾರಲಿಲ್ಲ. ಒಂದು ಕಂದು ಮೊಟ್ಟೆಯನ್ನು ಕೊಕ್ಕಿಗೂ ಎದೆಗೂ ನಡುವೆ ಅವುಚಿಕೊಂಡು, ಹಿಂದೆ ಹಿಂದೆ ಹೆಜ್ಜೆ ಇಡುತ್ತ ಪಕ್ಕದ ಎಲೆಗೆ ಸಾಗಿಸಿತು. ತಿರುಗಿ ಬಂದು ಇನ್ನೊಂದು. ಕೊಡೆಯ ಕಡ್ಡಿಯಂಥ ಉದ್ದುದ್ದ ಬೆರಳುಗಳು ಎಲೆ ಮುಳುಗುವ ಮೊದಲೇ ಮುಂದಿನದಕ್ಕೆ ದಾಟುತ್ತಿದ್ದವು.

ಕೊನೆಯ ಮೊಟ್ಟೆ ಉರುಳಿ ಮಹಾದೇವಪ್ಪನ ಎದೆಗೆ ತಾಗಿದ ಎಲೆಯ ಮೇಲೆ ನಿಂತಿತು. ಹಕ್ಕಿ ಅಲ್ಲಿಗೂ ಬಂತು, ಇವನ ಉಸಿರು ತಾಕುವಷ್ಟು ಹತ್ತಿರ. ಕತ್ತಿನ ಹಿಂದಿನ ಬಂಗಾರದ ಬಣ್ಣದ ಗರಿಗಳು ನಡುಗುತ್ತಿದ್ದವು. ಹೆದರಿಕೊಂಡೇ ಬಂದಿತ್ತು.

"ಜಗ್ಗಲೇನ್ರಿ?" ದಂಡೆಯಿಂದ ಆಳು ಕೇಳಿದ.

ಮಹಾದೇವಪ್ಪ ನೀರಿನೊಳಗೇ ಕೈಯಾಡಿಸಿ ಗಂಟು ಬಿಚ್ಚಿದ. ಎಲೆಗಳು ಮೆಲ್ಲಗೆ ಸಮಕ್ಕೆ ಬಂದವು. ಹಕ್ಕಿ ಮೊಟ್ಟೆ ಅವುಚಿಕೊಂಡು ಹೊರಟು, ಹೊಸ ಎಲೆಯ ಮೇಲೆ ರೆಕ್ಕೆ ಹರಡಿ ಕೂರುವ ತನಕ, ಊರಿಗೇ ಜೋರು ಬಾಯಿಯ ಆ ಮನುಷ್ಯ ಕಂಬದಂತೆ ನಿಂತಿದ್ದ.

ದಂಡೆಗೆ ಬಂದವನೇ ಮೀನುಮರಿಯ ಗಾಡಿಯವನಿಗೆ ಫೋನ್ ಹಚ್ಚಿದ.

"ಈಗ ತರಬ್ಯಾಡ ತಮ್ಮಾ," ಎಂದ. "ಕೆರಿ ಖಾಲಿ ಇಲ್ಲ."